ಚೀಲಕ್ಕೆ ಕೈ ಹಾಕದೆ 'ಗಟ್ಟಿ' ಅಂದವನು

ಜುಲೈ 3, 2025, ಗುರುವಾರ

ಈ ಡೈರಿ ಗೊಬ್ಬರದ ಅಂಗಡಿಯವರು ಜನವರಿಯಲ್ಲಿ ಕೊಟ್ಟದ್ದು. ಆರು ತಿಂಗಳಿಂದ ದ್ರಾಕ್ಷಾಯಣಿ ಇದರ ಮೇಲೆ ಬಿಸಿ ಪಾತ್ರೆ ಇಳಿಸುತ್ತಿದ್ದಳು. ಇವತ್ತು ಬೆಳಿಗ್ಗೆ ನನ್ನ ಮುಂದೆ ಎಸೆದು, "ರೀ, ನಿಮ್ಮ ಪ್ರತಾಪ ಕೇಳಿ ಕೇಳಿ ನನ್ನ ಕಿವಿ ತೂತು ಬಿತ್ತು. ಇನ್ಮೇಲೆ ಇದಕ್ಕೆ ಹೇಳ್ಕೊಳ್ಳಿ" ಅಂದಳು. ಮದುವೆಯಾಗಿ ಮೂವತ್ತೊಂದು ವರ್ಷಕ್ಕೆ ಹೆಂಡತಿ ಕೊಟ್ಟ ಉಡುಗೊರೆ. ಬರೆಯೋಣ.

ನಾನು ಸಿದ್ದಬಸಪ್ಪ. ಅರಸೀಕೆರೆಯ ಕೊಬ್ಬರಿ ಮಂಡಿಯಲ್ಲಿ ಮೂವತ್ತಾರು ವರ್ಷದಿಂದ ಗುಣ ನೋಡುವವನು. ಓದಿದ್ದು ಏಳನೇ ಕ್ಲಾಸು, ಅದನ್ನೂ ಎರಡು ಸಲ ಓದಿದ್ದೇನೆ, ಆದ್ದರಿಂದ ಬೇರೆಯವರ ಏಳಕ್ಕಿಂತ ನನ್ನ ಏಳು ಗಟ್ಟಿ. ಉಂಡೆ ಕೊಬ್ಬರಿ ಕಿವಿಯ ಹತ್ತಿರ ಹಿಡಿದು ಉಗುರಲ್ಲಿ ತಟ್ಟಿದರೆ ಒಳಗೆ ಬೆಳ್ಳಗಿದೆಯೋ ಕಮಟು ಹಿಡಿದಿದೆಯೋ ಹೇಳುತ್ತೇನೆ. ಯಾವ ಊರಿನ ತೋಟದ್ದು ಅಂತಲೂ ಹೇಳುತ್ತೇನೆ. ಅದು ಹತ್ತರಲ್ಲಿ ಆರು ಸಲ ತಪ್ಪಾಗುತ್ತದೆ, ಆದರೆ ಕೇಳಿದವರಿಗೆ ಅದು ಗೊತ್ತಾಗುವುದಿಲ್ಲ.

ನಾನು ಒಂದು ಚೀಲಕ್ಕೆ 'ಗಟ್ಟಿ' ಅಂದರೆ ಮುಗಿಯಿತು. ಕೊಳ್ಳುವವನು ಎರಡನೇ ಮಾತು ಆಡುವುದಿಲ್ಲ.

ಈ ವರ್ಷ ಕೊಬ್ಬರಿಗೆ ಹಿಂದೆಂದೂ ಕಾಣದ ಬೆಲೆ. ಅಟ್ಟದಲ್ಲಿ ಕಾಯಿ ಇಟ್ಟಿದ್ದವರೆಲ್ಲ ಈಗ ಶರಟಿನ ಮೇಲಿನ ಗುಂಡಿ ಬಿಚ್ಚಿಕೊಂಡು ಓಡಾಡುತ್ತಿದ್ದಾರೆ. ನಾನೂ ಬಿಚ್ಚಿದ್ದೇನೆ. ನಮ್ಮ ತೋಟದ ಕೊಬ್ಬರಿ ಮಾರಿದ್ದು ಹೋದ ವಾರವೇ.

ಮಧ್ಯಾಹ್ನ ಇಂದುಧರ ಅಂತ ಒಬ್ಬ ಬಂದ. ಹಣೆಗೆ ಮೂರು ಬೆರಳಿನ ವಿಭೂತಿ, ಕೈಗೆ ಹೊಳೆಯುವ ವಾಚು. ಬಗ್ಗಿ ಕಾಲು ಮುಟ್ಟಿದ. "ಮಾವ, ಅರಸೀಕೆರೇಲಿ ಯಾರನ್ನ ಕೇಳಿದ್ರೂ ನಿಮ್ಮ ಹೆಸರೇ ಹೇಳ್ತಾರೆ" ಅಂದ. ಹುಡುಗನಿಗೆ ಲೋಕಜ್ಞಾನ ಇದೆ.

ಜುಲೈ 7, ಸೋಮವಾರ

ಇಂದುಧರನ ಕಂಪನಿ ಹೆಸರು 'ಹೊನ್ನಗೊನೆ'. ಮೊಬೈಲಿನಲ್ಲಿ ಒಂದು ತೋಟ ಇದೆ. ದುಡ್ಡು ಹಾಕಿದರೆ ನಮ್ಮ ಹೆಸರಿನಲ್ಲಿ ಒಂದು ತೆಂಗಿನ ಮರ. ದಿನಾ ಬೆಳಿಗ್ಗೆ ಮುಟ್ಟಿದರೆ ಟಿಣ್ ಅಂತ ಒಂದು ಎಳನೀರು ಬೀಳುತ್ತದೆ, ಒಂದೊಂದು ಎಳನೀರಿಗೆ ಇಷ್ಟು ಅಂತ ದುಡ್ಡು. ನೂರು ದಿನಕ್ಕೆ ಹಾಕಿದ್ದು ಎರಡಷ್ಟು. ಎಲ್ಲೋ ಹೊರದೇಶದಲ್ಲಿ ತೋಟಗಳಿವೆಯಂತೆ, ಅವರ ಲಾಭ ನಮಗೆ ಹಂಚುತ್ತಾರಂತೆ.

ನಾನೇನು ದಡ್ಡನೇ? ಚೀಲ ನೋಡುವ ಹಾಗೇ ನೋಡೋಣ ಅಂದುಕೊಂಡೆ. ನಮ್ಮ ಕಸುಬಿನಲ್ಲಿ ಮೂರು ಕಾಯಿ ಲೆಕ್ಕ. ಚೀಲದ ಬಾಯಿಂದ ಒಂದು, ನಡುವಿಂದ ಒಂದು, ತಳದಿಂದ ಒಂದು. ಮೂರೂ ಚೆನ್ನಾಗಿದ್ದರೆ ಗಟ್ಟಿ.

ಮೊದಲು ಸಾವಿರ ಹಾಕಿದೆ. ಎರಡು ದಿನಕ್ಕೆ ಸಾವಿರದ ನಲವತ್ತು ವಾಪಸ್ ಬಂತು. ಬಾಯಿಕಾಯಿ ಚೆನ್ನಾಗಿದೆ.

ಜುಲೈ 14, ಸೋಮವಾರ

ಐದು ಸಾವಿರ ಹಾಕಿದೆ, ಬಂತು. ಇಪ್ಪತ್ತು ಸಾವಿರ ಹಾಕಿದೆ, ಅದೂ ಬಂತು, ಮೇಲೆ ಎರಡು ಸಾವಿರ. ತಳದ ಕಾಯಿಯೂ ಬೆಳ್ಳಗೆ.

ಸಂಜೆ ಗಂಗಯ್ಯನ ಟೀ ಅಂಗಡಿ ಮುಂದೆ ಇಂದುಧರ ಮೊಬೈಲ್ ಹಿಡಿದು, "ಮಾವ, ಒಂದೇ ಮಾತು ಹೇಳಿ" ಅಂದ. ಕೈಯಲ್ಲಿ ಒಂದು ಉಂಡೆ ಕೊಬ್ಬರಿ ಹಿಡಿದುಕೊಂಡು, ಮೀಸೆ ತಿರುವಿ, "ಹೊನ್ನಗೊನೆ, ಗಟ್ಟಿ!" ಅಂದೆ. ಅಬ್ಬಬ್ಬಾ, ಸಿನಿಮಾದವನ ಹಾಗೆ ಕಂಡೆ. ರಾತ್ರಿ ಊಟಕ್ಕೆ ಮುಂಚೆಯೇ ತಾಲ್ಲೂಕಿನ ಎಲ್ಲ ವಾಟ್ಸಾಪ್ ಗುಂಪಿನಲ್ಲೂ ನನ್ನ ಮೀಸೆ.

ಗಂಗಯ್ಯ ಮಾತ್ರ, "ಏನ್ಲಾ ಸಿದ್ದ, ಮರ ಇಲ್ದೆ ಎಳನೀರು ಬೀಳ್ತದಾ?" ಅಂದ. ಅವನ ಟೀಯಲ್ಲಿ ಹಾಲಿಲ್ಲದೆ ಬಿಳಿ ಬಣ್ಣ ಬರುವುದಿಲ್ಲವೇ, ಹಾಗೇ ಅಂದೆ. ಬೆಂಚಿನ ಮೇಲಿದ್ದವರೆಲ್ಲ ನಕ್ಕರು.

ಜುಲೈ 16, ಬುಧವಾರ

ಕೊಬ್ಬರಿ ಮಾರಿದ ಮೂರು ಲಕ್ಷ ನಲವತ್ತು ಸಾವಿರ, ಪೂರ್ತಿ ಹಾಕಿದೆ. ಮೊಬೈಲಿನಲ್ಲಿ ನನ್ನದೀಗ ತೋಪು. ದ್ರಾಕ್ಷಾಯಣಿಗೆ ಹೇಳಿಲ್ಲ. ಎರಡಷ್ಟಾದ ಮೇಲೆ ಒಂದೇ ಸಲ ಹೇಳಿ ಬಾಯಿ ಮುಚ್ಚಿಸುವುದು.

ಜುಲೈ 20, ಭಾನುವಾರ

ಮಾರಮ್ಮನ ಮಗಳು ಮನೆಗೆ ಬಂದಿದ್ದಳು. ಮಾರಮ್ಮ ನಮ್ಮ ಮಂಡಿ ಶೆಡ್ಡಿನಲ್ಲಿ ಇಪ್ಪತ್ತು ವರ್ಷದಿಂದ ಚಿಪ್ಪು ಬಿಡಿಸುವವಳು. ಮಗಳು ಓದಿಕೊಂಡು ಬಾಣಾವರದಲ್ಲಿ ಬ್ಯಾಂಕ್ ಗುಮಾಸ್ತೆ. ಜಗಲಿಯ ಕೆಳಗೇ ನಿಂತು ಮಾತಾಡಿದಳು, ನಾನೂ ಕೂರು ಅನ್ನಲಿಲ್ಲ.

"ಆ ಕಂಪನಿ ಆಫೀಸ್ ಎಲ್ಲಿದೆ ಯಜಮಾನ್ರೇ?"

"ಬೆಂಗಳೂರಲ್ಲಿ ಇರ್ತದೆ."

"ಬೆಂಗಳೂರಲ್ಲಿ ಎಲ್ಲಿ?"

"ಬೆಂಗಳೂರು ಏನು ನಿಮ್ಮ ಬಾಣಾವರ ಬಸ್ ಸ್ಟ್ಯಾಂಡಾ, ಎಲ್ಲಿ ಅಂತ ಹೇಳೋಕೆ?"

"ನೀವು ಕಳಿಸಿದ ದುಡ್ಡು ಯಾರ ಹೆಸರಿಗೆ ಹೋಯ್ತು ಅಂತ ನೋಡಿದ್ರಾ? ಕಂಪನಿ ಹೆಸರು ಬಂತಾ, ಬೇರೆ ಯಾರದೋ ಬಂತಾ?"

ಕೊಬ್ಬರಿಯ ಗುಣ ನಿಮ್ಮಮ್ಮನಿಗೆ ಕಲಿಸಿದವನು ನಾನು ಕಣಮ್ಮ, ನೀನು ನನಗೆ ಕಲಿಸಬೇಡ ಅಂತ ಹೇಳಿ ಕಳಿಸಿದೆ. ಹೋಗುವಾಗ, "ಅಮ್ಮ ನಿಮ್ಮ ವಿಡಿಯೋನ ದಿನಾ ನೋಡ್ತಾಳೆ, ಅದಕ್ಕೆ ಬಂದೆ" ಅಂದಳು. ನೋಡಲಿ, ಚೆನ್ನಾಗಿ ಬಂದಿದೆ.

ಜುಲೈ 29, ಮಂಗಳವಾರ

ಸುಮ್ಮನೆ ಐವತ್ತು ಸಾವಿರ ತೆಗೆಯೋಣ ಅಂತ ಒತ್ತಿದೆ. 'ಪರಿಶೀಲನೆಯಲ್ಲಿದೆ' ಅಂತ ಬಂತು. ದುಡ್ಡು ಸ್ವಲ್ಪ ಸಿಕ್ಕಿಕೊಂಡಿದೆ ಅಷ್ಟೆ.

ಜುಲೈ 31, ಗುರುವಾರ

ಇಂದುಧರ ಫೋನ್ ಎತ್ತಲಿಲ್ಲ.

ಆಗಸ್ಟ್ 1, ಶುಕ್ರವಾರ

ಎತ್ತಿದ. "ಮಾವ, ನೀವು ನಾಯಕ ಮಟ್ಟಕ್ಕೆ ಹೋಗಿಬಿಟ್ಟಿದ್ದೀರಿ, ನಾಯಕರಿಗೆ ರೂಲ್ಸ್ ಬೇರೆ" ಅಂದ. ನಾನು ಇಪ್ಪತ್ತು ಜನರನ್ನು ಸೇರಿಸಿದರೆ ನನ್ನ ದುಡ್ಡಿನ ಬೀಗ ತೆರೆಯುತ್ತದಂತೆ. ಅದಕ್ಕೂ ಕಷ್ಟವಿಲ್ಲವಂತೆ. ವರಮಹಾಲಕ್ಷ್ಮಿ ಹಬ್ಬದ ಹಿಂದಿನ ದಿನ, ಏಳನೇ ತಾರೀಕು, ಹಳೇಬೀಡಿನ ಒಂದು ಕಲ್ಯಾಣ ಮಂಟಪದಲ್ಲಿ ಸಭೆ. ಹಬ್ಬದ ವಿಶೇಷ, ಅವತ್ತು ಹಾಕಿದವರಿಗೆ ಒಂದೂವರೆಯಷ್ಟು ಮರ. ನಾನು ವೇದಿಕೆ ಹತ್ತಿ ಆ ಒಂದು ಮಾತು ಹೇಳಿದರೆ ಸಾಕು, ಮರುದಿನ ನನ್ನ ದುಡ್ಡು ನನ್ನ ಕೈಗೆ.

ಒಂದು ಮಾತು ತಾನೆ. ಮೂವತ್ತಾರು ವರ್ಷದಿಂದ ಹೇಳುತ್ತಾ ಬಂದಿದ್ದೇನೆ.

ಆಗಸ್ಟ್ 2, ಶನಿವಾರ

ಶೆಡ್ಡಿನಲ್ಲಿ ಮಾರಮ್ಮ ಕತ್ತಿ ಕೆಳಗಿಟ್ಟು, ಸೆರಗಲ್ಲಿ ಕೈ ಒರೆಸಿಕೊಂಡು ಬಂದಳು.

"ಯಜಮಾನ್ರೇ, ಏಳನೇ ತಾರೀಕು ನಾನೂ ಹಳೇಬೀಡಿಗೆ ಬತ್ತೀನಿ."

"ನೀನ್ಯಾಕೆ?"

"ಅಲ್ಲೇ ಪಕ್ಕದ ಹುಲಿಕೆರೆ ನನ್ನ ತವರಲ್ವಾ. ನಮ್ಮಕ್ಕನ ಸಂಘದೋರು ಹದಿನೆಂಟು ಜನ ಹೆಂಗಸ್ರು ಹಾಕ್ತವ್ರೆ. ನಂದೂ ಒಂದೂವರೆ ಲಕ್ಷ ಐತೆ. ಮನೆ ಶೀಟ್ ತೆಗೆದು ಮೋಲ್ಡ್ ಹಾಕಿಸೋಕೆ ಅಂತ ಕೂಡಿಟ್ಟಿದ್ದು. ಮಗಳು ಬೇಡ ಅಂತ ಒಂದೇ ಸಮ ಜಗಳ. ನಾನಂದೆ, ನೀನು ಬ್ಯಾಂಕಲ್ಲಿ ನಾಕು ವರ್ಷ ಕುಂತಿದ್ದೀಯ, ಯಜಮಾನ್ರು ಮೂವತ್ತಾರು ವರ್ಷ ಚೀಲ ನೋಡವ್ರೆ. ಅವ್ರು ಗಟ್ಟಿ ಅಂದ್ಮೇಲೆ ಗಟ್ಟಿ."

ಹೂಂ ಅಂದೆ. ಮಧ್ಯಾಹ್ನ ಎರಡು ಚೀಲಕ್ಕೆ ಗುಣ ಹೇಳಬೇಕಿತ್ತು, ತಲೆನೋವು ಅಂತ ಮನೆಗೆ ಬಂದೆ. ಮಾರಮ್ಮ ಮತ್ತು ಹದಿನೆಂಟು, ಹತ್ತೊಂಬತ್ತಾಯಿತು. ಇನ್ನೊಬ್ಬರು ಸಾಕು ನನ್ನ ಬೀಗಕ್ಕೆ.

ಬೀಗ ತೆರೆದ ಮೇಲೆ ಮಾರಮ್ಮನದನ್ನು ನಾನೇ ಮೊದಲು ತೆಗೆಸಿಕೊಟ್ಟರೆ ಆಯಿತು. ಹೇಗೆ ಅಂತ ಗೊತ್ತಿಲ್ಲ. ತೆಗೆಸಿದರೆ ಆಯಿತು.

ಆಗಸ್ಟ್ 4, ಸೋಮವಾರ

ಬಾಣಾವರಕ್ಕೆ ರೈಲಿನಲ್ಲಿ ಹೋದೆ. ಕೆಲಸವಿತ್ತು ಅಂತ ಯಾರಿಗೂ ಹೇಳಬೇಕಾಗಿಲ್ಲ, ಇದು ನನ್ನ ಡೈರಿ. ಮಾರಮ್ಮನ ಮಗಳು ರಮಾಳನ್ನು ನೋಡಲು ಹೋದೆ.

ಊಟದ ಹೊತ್ತಿನವರೆಗೆ ಬ್ಯಾಂಕಿನ ಬೆಂಚಿನ ಮೇಲೆ ಕೂರಿಸಿದಳು, ಆಮೇಲೆ ಹಿಂದಿನ ರೂಮಿಗೆ ಕರೆದು ತನ್ನ ಪಕ್ಕದ ಕುರ್ಚಿ ಕೊಟ್ಟಳು. ನನ್ನ ಮೊಬೈಲ್ ತೆಗೆದುಕೊಂಡು ಒಂದೊಂದೇ ಓದಿದಳು. ಆ ಮೂರು ಲಕ್ಷ ನಲವತ್ತು ಸಾವಿರವನ್ನು ನಾನು ಕಳಿಸಿದ್ದು ನಾಲ್ಕು ಸಲಕ್ಕೆ ಹಂಚಿ. ನಾಲ್ಕು ಸಲಕ್ಕೂ ನಾಲ್ಕು ಹೆಸರು. ಒಂದು ಯಾವುದೋ ಚಪ್ಪಲಿ ಅಂಗಡಿ, ಒಂದು ಮೊಬೈಲ್ ರಿಪೇರಿಯವನು, ಉಳಿದೆರಡು ನಾವು ಕೇಳಿರದ ಊರಿನ ಯಾರೋ. ತೆಂಗಿನ ತೋಟ ಒಂದೂ ಇರಲಿಲ್ಲ.

"ಆದ್ರೆ ಮೂರು ಸಲ ವಾಪಸ್ ಬಂತಲ್ಲಮ್ಮ! ನಾನು ಪರೀಕ್ಷೆ ಮಾಡಿದ್ದೀನಿ."

ಅವಳು ಕೇಳಿದಳು: "ಚೀಲದಿಂದ ಕಾಯಿ ಯಾರು ತೆಗೀತಾರೆ ಯಜಮಾನ್ರೇ, ನೀವಾ, ಮಾರೋನಾ?"

"ನಾನೇ. ಮಾರೋನ ಕೈಗೆ ಕೊಟ್ರೆ ಒಳ್ಳೇದೇ ಆರಿಸಿಕೊಡ್ತಾನೆ."

ಅವಳು ತನ್ನ ಡಬ್ಬಿ ತೆಗೆದು ಚಿತ್ರಾನ್ನ ಅರ್ಧ ನನಗೆ ಹಾಕಿದಳು. ತಿಂದೆ. ಉಪ್ಪು ಕಡಿಮೆ ಇತ್ತು ಅನ್ನುವುದು ಬಿಟ್ಟರೆ ಚೆನ್ನಾಗಿತ್ತು.

ಸಾವಿರ ತೆಗೆದುಕೊಟ್ಟವರು ಅವರು. ಐದು ಸಾವಿರ ತೆಗೆದುಕೊಟ್ಟವರೂ ಅವರು. ಇಪ್ಪತ್ತೂ ಅವರೇ. ಮೂರು ಕಾಯಿಯನ್ನೂ ಅವರೇ ಆರಿಸಿ ನನ್ನ ಅಂಗೈ ಮೇಲೆ ಇಟ್ಟಿದ್ದಾರೆ, ನಾನು ಉಗುರಲ್ಲಿ ತಟ್ಟಿ ಮೀಸೆ ತಿರುವಿದ್ದೇನೆ. ಮಂಡಿಗೆ ಮೊದಲ ದಿನ ಬಂದ ಕೂಲಿಯವನೂ ಈ ತಪ್ಪು ಮಾಡುವುದಿಲ್ಲ.

ರಮಾ ಅಲ್ಲಿಂದಲೇ 1930ಕ್ಕೆ ಫೋನ್ ಮಾಡಿಸಿದಳು, ಸೈಬರ್ ಮೋಸಕ್ಕೆ ಅಂತಲೇ ಇರುವ ನಂಬರು. ದುಡ್ಡು ಹೋದ ತಕ್ಷಣ ಮಾಡಿದ್ದರೆ ತಡೆಹಿಡಿಯುವ ದಾರಿ ಹೆಚ್ಚಿತ್ತಂತೆ. ಈಗ ಮೂರು ವಾರ ಆಗಿದೆ. ಅವಳು ಬಂದು ಜಗಲಿಯ ಕೆಳಗೆ ನಿಂತಿದ್ದಳಲ್ಲ, ಅವತ್ತಿಗೆ ನಾಲ್ಕೇ ದಿನ ಆಗಿತ್ತು.

"ಅಮ್ಮ ನನ್ನ ಮಾತು ಕೇಳಲ್ಲ. ನೀವು ಹೇಳಿ" ಅಂದಳು.

ಆಗಸ್ಟ್ 5, ಮಂಗಳವಾರ

ಮಾರಮ್ಮನಿಗೆ ಹೇಳಲು ಎರಡು ಸಲ ಶೆಡ್ಡಿನ ಬಾಗಿಲವರೆಗೆ ಹೋದೆ. ಎಂಟು ಜನ ಕೂತಿದ್ದರು. ಎಂಟು ಜನರ ಮುಂದೆ ಹೇಗೆ?

ಇಂದುಧರನ ಫೋನು. "ಹತ್ತೊಂಬತ್ತು ಜನ ಪಕ್ಕಾ ಅಂತೆ ಮಾವ. ನಿಮ್ಮ ಬೀಗ ತೆಗೆದ ಹಾಗೇ."

ಆಗಸ್ಟ್ 6, ಬುಧವಾರ

ದ್ರಾಕ್ಷಾಯಣಿಗೆ ಹೇಳಿದೆ. ಹಬ್ಬಕ್ಕೆ ಕಳಸದ ಚೆಂಬು ಹುಣಸೇಹಣ್ಣು ಹಾಕಿ ತಿಕ್ಕುತ್ತಿದ್ದಳು. ಮೊತ್ತವನ್ನೂ ಹೇಳಿದೆ. ಚೆಂಬನ್ನು ನನ್ನ ತಲೆಗೆ ಎಸೆಯುತ್ತಾಳೆ ಅಂತ ಸ್ವಲ್ಪ ವಾರೆಯಾಗಿ ನಿಂತಿದ್ದೆ.

ಅವಳು ಗೋಡೆಗೆ ಒರಗಿ ಉಸಿರು ಬಿಟ್ಟಳು. "ಅಷ್ಟೇನಾ? ಹತ್ತು ದಿನದಿಂದ ನೀವು ಜಂಬ ಕೊಚ್ಚಿಲ್ಲ. ನಾನು ಎದೆ ಕಾಯಿಲೆ ಅಂದ್ಕೊಂಡು ಯಾರಿಗೂ ಹೇಳ್ದೆ ಒಳಗೊಳಗೇ ಸಾಯ್ತಿದ್ದೆ ಕಣ್ರೀ" ಅಂದಳು. ಆಮೇಲೆ ಅತ್ತಳು. ಆಮೇಲೆ ಬೈದಳು, ಪೂರ್ತಿ ಒಂದು ಗಂಟೆ, ನಮ್ಮಪ್ಪನನ್ನೂ ಸೇರಿಸಿ. ಬೈದು ಮುಗಿದ ಮೇಲೆ, "ನಾಳೆ ಹಳೇಬೀಡಿಗೆ ಹೋಗ್ತೀರಾ?" ಅಂದಳು.

"ಹೋಗ್ತೀನಿ."

"ಹೋಗಿ ಏನು ಹೇಳ್ತೀರಾ?"

"ನನಗೆ ಮಾತು ಹೇಳಿಕೊಡ್ತೀಯಾ ನೀನು?" ಅಂದೆ. ಸಮಾಧಾನವಾಯಿತು ಅಂತ ಕಾಣುತ್ತದೆ, ಚೆಂಬು ತಿಕ್ಕಲು ಕೂತಳು.

ಆಗಸ್ಟ್ 7, ಗುರುವಾರ

ಎಲ್ಲವನ್ನೂ ಬರೆಯುತ್ತೇನೆ, ಇವತ್ತಿನದು ಬರೆಯುವಂಥದ್ದು.

ಜಾವಗಲ್ ಮೇಲಿನ ಬಸ್ಸಿನಲ್ಲಿ ಹಳೇಬೀಡಿಗೆ ಹೋದೆ. ಪ್ರವಾಸಿಗಳ ಬಸ್ಸುಗಳ ನಡುವೆ ದಾರಿ ಮಾಡಿಕೊಂಡು ಮಂಟಪಕ್ಕೆ ಹೋದರೆ ಬಾಗಿಲಲ್ಲಿ ನನ್ನದೇ ಚಿತ್ರ, ಆಳೆತ್ತರ, ಕೈಯಲ್ಲಿ ಕೊಬ್ಬರಿ. ಮೀಸೆಗೆ ಕಪ್ಪು ಬಣ್ಣ ಹೆಚ್ಚು ಹಾಕಿದ್ದರು. ಒಳಗೆ ಇನ್ನೂರು ಜನ ಇದ್ದಾರು. ಮುಂದಿನ ಸಾಲಿನಲ್ಲಿ ಹುಲಿಕೆರೆಯ ಹೆಂಗಸರು, ಹಬ್ಬದ ಸೀರೆಯಲ್ಲಿ. ಮಾರಮ್ಮ ತೊಡೆಯ ಮೇಲೆ ಒಂದು ಬ್ಯಾಗನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದು ಕೂತಿದ್ದಳು. ಪಕ್ಕದವಳಿಗೆ ನನ್ನನ್ನು ತೋರಿಸಿ ಏನೋ ಹೇಳಿದಳು, ಹೆಮ್ಮೆಯಿಂದ.

ಇಂದುಧರ ಮೈಕು ಕೊಟ್ಟ. "ಮಾವ, ಆ ಒಂದು ಮಾತು."

"ಹೇಳ್ತೀನಿ. ಗುಣ ಹೇಳೋಕೆ ಮುಂಚೆ ಚೀಲಕ್ಕೆ ಕೈ ಹಾಕೋದು ನಮ್ಮ ಪದ್ಧತಿ" ಅಂದೆ. "ಮಾರಮ್ಮ, ಒಂದು ಅಂಕಿ ಹೇಳು."

"ಎಂಥ ಅಂಕಿ ಯಜಮಾನ್ರೇ?"

"ಬಾಯಿಗೆ ಬಂದದ್ದು."

"ನಲವತ್ತೇಳು ಸಾವಿರ" ಅಂದಳು ಮಾರಮ್ಮ, ಸೆರಗು ಬಾಯಿಗೆ ಅಡ್ಡ ಹಿಡಿದು.

"ಇಂದುಧರಪ್ಪ, ನಿಮ್ಮ ತೋಟದಲ್ಲಿ ನಂದು ಮೂರು ಲಕ್ಷ ನಲವತ್ತು ಸಾವಿರ ಐತೆ. ಅದ್ರಾಗೆ ನಲವತ್ತೇಳು ಸಾವಿರ, ಇಲ್ಲೇ, ಈಗ್ಲೇ, ಇವರೆಲ್ಲರ ಮುಂದೆ ತೆಗೆದುಕೊಡು."

ಅವನು ನಕ್ಕ. ಸರ್ವರ್ ಡೌನ್ ಅಂದ. ನನ್ನ ಮೊಬೈಲಿನಲ್ಲಿ ಸಿಗ್ನಲ್ಲಿನ ನಾಲ್ಕೂ ಕಡ್ಡಿ ತೋರಿಸಿದೆ. ಹಬ್ಬದ ರಜೆ ಅಂದ. ಹಬ್ಬ ನಾಳೆ ಅಂದೆ. ದೊಡ್ಡ ಮೊತ್ತಕ್ಕೆ ಮೊದಲು ಟ್ಯಾಕ್ಸ್ ಕಟ್ಟಬೇಕು, ನೂರಕ್ಕೆ ಹದಿನೆಂಟು, ಅಂದ.

"ನನ್ನ ದುಡ್ಡು ನನಗೆ ಕೊಡೋಕೆ ನಾನೇ ದುಡ್ಡು ಕೊಡಬೇಕಾ?"

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಇಂದುಧರ ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಹಾಕಿದ.

ಈಗ ನನ್ನ ಚೇಷ್ಟೆ ಬರೆಯುತ್ತೇನೆ. ಮಂಡಿಯಲ್ಲಿ ಹಿಂದೆಲ್ಲ ಟವಲ್ಲಿನ ಕೆಳಗೆ ಬೆರಳು ಹಿಡಿದು ಬೆಲೆ ಹೇಳುತ್ತಿದ್ದೆವು, ಬೇರೆಯವರಿಗೆ ಕಾಣಬಾರದು ಅಂತ. ನಾನು ಮೈಕು ಆಫ್ ಮಾಡಿದ ಹಾಗೆ ನಟಿಸಿ ಹೆಗಲ ಟವಲ್ಲಿನ ಕೆಳಗೆ ಇಟ್ಟುಕೊಂಡೆ, ಸರಿಯಾಗಿ ಅವನ ಬಾಯಿಯ ಹತ್ತಿರಕ್ಕೆ. ಅವನು ಪಿಸುಗುಟ್ಟಿದ: "ಲೇ ಮುದುಕ, ಈ ಹೆಂಗಸರ ದುಡ್ಡು ಬಂದ್ರೆ ಅದರಲ್ಲೇ ನಿಂದು ಕೊಡ್ತೀನಿ. ಬಾಯಿ ಮುಚ್ಕೊಂಡು ಗಟ್ಟಿ ಅನ್ನು."

ಮಂಟಪದ ನಾಲ್ಕು ಮೂಲೆಯಲ್ಲೂ ದೊಡ್ಡ ಸ್ಪೀಕರ್ ಇಟ್ಟಿದ್ದರು. ಅವನ ಖರ್ಚಿನಲ್ಲೇ.

ನಾನು ಟವಲ್ಲಿನಿಂದ ಮೈಕು ತೆಗೆದು ಹೇಳಿದೆ: "ನಾನು ಸಿದ್ದಬಸಪ್ಪ. ಮೋಸ ಹೋಗಿದ್ದೀನಿ. ಸಣ್ಣ ಮೋಸ ಅಲ್ಲ. ಚೀಲಕ್ಕೆ ಕೈ ಹಾಕದೆ ಗುಣ ಹೇಳಿದ್ದೀನಿ, ಮೂವತ್ತಾರು ವರ್ಷದಲ್ಲಿ ಮೊದಲನೇ ಸಲ. ಮಾಲು ಕಮಟು. ಮಾರಮ್ಮ, ಏಳು, ಬ್ಯಾಗ್ ಹಿಡ್ಕೋ, ನಡಿ."

ಮಾರಮ್ಮ ಏಳಲಿಲ್ಲ. ಸುಮ್ಮನೆ ನನ್ನನ್ನೇ ನೋಡಿದಳು. ಅದನ್ನು ಏನು ಅಂತ ಬರೆಯಲಿ? ಆಮೇಲೆ ಎದ್ದಳು, ಅವಳ ಹಿಂದೆ ಹದಿನೆಂಟು ಜನವೂ ಎದ್ದರು. ಕುರ್ಚಿಗಳ ಸದ್ದು ಜೋರಾಗಿತ್ತು. ಇಂದುಧರ ಹಿಂಬಾಗಿಲಿಂದ ಕಾರು ಹತ್ತಿ ಬೇಲೂರಿನ ಕಡೆ ಹೋದ. "ನಿನ್ನ ದುಡ್ಡು ಹೋಯ್ತು ಅಂತ ತಿಳ್ಕೋ" ಅಂತ ಕೂಗಿದ. ತಿಳಿದುಕೊಂಡೇ ಬಂದಿದ್ದೆ ಕಣೋ ಅಂದೆ. ಕೇಳಿಸಿತೋ ಇಲ್ಲವೋ.

ಬಸ್ಸಿನಲ್ಲಿ ಮಾರಮ್ಮ ನನ್ನ ಮುಂದಿನ ಸೀಟಿನಲ್ಲಿ ಕೂತಳು. ಜಾವಗಲ್ ದಾಟಿದ ಮೇಲೆ ತಿರುಗದೆಯೇ ಕೇಳಿದಳು: "ನಿಮಗೆ ಯಾವಾಗ ಗೊತ್ತಾಯ್ತು?"

"ಸೋಮವಾರ."

"ಇವತ್ತು ಗುರುವಾರ."

"ಹೂಂ."

"ಶೆಡ್ಡಿಗೆ ಎಲ್ಡು ಸಲ ಬಂದ್ರಿ. ನೋಡ್ದೆ."

ಕ್ಷಮಿಸು ಅಂದೆ. ಕಂಡಕ್ಟರ್ ಚಿಲ್ಲರೆ ಕೇಳಲು ಬಂದ, ಅವನಿಗೂ ಕೇಳಿಸಿತು. ಕೇಳಿಸಲಿ.

ಆಗಸ್ಟ್ 13, ಬುಧವಾರ

ಗಂಗಯ್ಯನ ಅಂಗಡಿ ಮುಂದೆ ಈಗ ನನಗೆ 'ಎಳನೀರು ಸಿದ್ದ' ಅಂತ ಹೆಸರು. ಟೀ ಕುಡಿಯುವವರು ನನ್ನನ್ನು ನೋಡಿದರೆ ಟಿಣ್ ಅನ್ನುತ್ತಾರೆ. ನಾನೂ ಟಿಣ್ ಅನ್ನುತ್ತೇನೆ, ಅವರಿಗಿಂತ ಜೋರಾಗಿ. ಹಳೆಯ ವಿಡಿಯೋ ಹೋದ ಗುಂಪುಗಳಿಗೆಲ್ಲ ಹೊಸದು ಕಳಿಸಿದ್ದೇನೆ, ಮೊತ್ತ ಸಮೇತ. ಅದರಲ್ಲೂ ಚೆನ್ನಾಗಿಯೇ ಕಾಣುತ್ತೇನೆ.

ಹಾಸನದ ಪೊಲೀಸರು, ಠಾಣೆಗೆ ಬಂದು ದೂರು ಬರೆದುಕೊಡಿ ಅಂದಿದ್ದಾರೆ. ಕಳೆದುಕೊಂಡವರೆಲ್ಲ ಬಂದರೆ ಒಳ್ಳೆಯದು ಅಂತ ರಮಾ ಮೇಡಂ ಹೇಳಿದರು. ಆದರೆ ಅರಸೀಕೆರೆಯಲ್ಲಿ ಕಳೆದುಕೊಂಡವರು ಯಾರೂ ಇಲ್ಲವಂತೆ! ಕೇಳಿದವರೆಲ್ಲ, ನಾನಾ, ಛೆ ಛೆ, ಅನ್ನುತ್ತಾರೆ. ನಿವೃತ್ತ ಹೆಡ್‌ಮಾಸ್ತರು ಪುಟ್ಟರಾಜು ಅವರಂತೂ ಕಿಟಕಿಯಿಂದಲೇ ಇಲ್ಲ ಅಂದರು. ನನ್ನ ವಿಡಿಯೋ ನೋಡಿಯೇ ಹಾಕಿದ್ದು ಅಂತ ಅವರ ಮನೆಯಮ್ಮ ದ್ರಾಕ್ಷಾಯಣಿಗೆ ಹೇಳಿ ಅತ್ತಿದ್ದಾರೆ.

ಬೇರೆ ದಾರಿ ಹಿಡಿದೆ. ಮನೆಮನೆಗೆ ಹೋಗಿ ಜಂಬ ಕೊಚ್ಚಿದೆ.

"ಮೇಷ್ಟ್ರೇ, ಈ ತಾಲ್ಲೂಕಲ್ಲಿ ನನ್ನಷ್ಟು ದೊಡ್ಡದಾಗಿ ಮೋಸ ಹೋದೋನು ಇನ್ನೊಬ್ಬ ಇಲ್ಲ. ಮೂರು ನಲವತ್ತು!"

ಒಳಗೆ ಚಿಲಕ ಸರಿಯಿತು. "ನಂದು ನಾಲ್ಕು ಹತ್ತು" ಅಂದರು, ಬಾಗಿಲು ತೆರೆದು.

"ಸುಳ್ಳು" ಅಂದೆ.

"ಬ್ಯಾಂಕ್ ಪುಸ್ತಕ ತೋರಿಸ್ತೀನಿ ಬಾರೋ" ಅಂದರು.

ಹೀಗೆ ಹನ್ನೊಂದು ಜನ ಸಿಕ್ಕರು. ಪ್ರತಿಯೊಂದು ಮನೆಯಲ್ಲೂ ನನ್ನ ಮಾತು ನಂಬಿ ಹಾಕಿದ್ದಾ ಅಂತ ಕೇಳಿದೆ. ಐದು ಜನ ಹೌದು ಅಂದರು. ಅದನ್ನು ಬೇರೆ ಹಾಳೆಯಲ್ಲಿ ಬರೆದಿದ್ದೇನೆ.

ಆಗಸ್ಟ್ 18, ಸೋಮವಾರ

ಹಾಸನಕ್ಕೆ ರೈಲಿನಲ್ಲಿ ಹೋದೆವು, ನನ್ನನ್ನು ಸೇರಿಸಿ ಹನ್ನೆರಡು ಜನ. ರಮಾ ಮೇಡಂ ರಜೆ ಹಾಕಿ ಬಂದಿದ್ದರು, ಎಲ್ಲರ ಕಾಗದಗಳನ್ನೂ ಒಂದೊಂದು ಪ್ಲಾಸ್ಟಿಕ್ ಹಾಳೆಯಲ್ಲಿ ಹಾಕಿ. ಅವರಿಗೆ ಕಿಟಕಿ ಪಕ್ಕದ ಸೀಟು ಬಿಡಿಸಿಕೊಟ್ಟೆ. ಪುಟ್ಟರಾಜು ಮೇಷ್ಟ್ರು ತುಂಬಿದ ಬೋಗಿಯ ಸೆಕೆಯಲ್ಲಿ ಮಫ್ಲರ್ ಸುತ್ತಿಕೊಂಡು, ಕಣ್ಣು ಎರಡು ಮಾತ್ರ ಬಿಟ್ಟುಕೊಂಡು, ಮೂಲೆಯಲ್ಲಿ ಕೂತಿದ್ದರು.

ಠಾಣೆಯಲ್ಲಿ ಅಧಿಕಾರಿ ಒಳ್ಳೆಯ ಹೆಣ್ಣುಮಗಳು. ದುಡ್ಡು ಸಿಗುತ್ತದೆ ಅಂತ ಸುಳ್ಳು ಭರವಸೆ ಕೊಡಲಿಲ್ಲ. ಯಾವುದೋ ಒಂದು ಖಾತೆಯಲ್ಲಿ ಸ್ವಲ್ಪ ತಡೆಹಿಡಿದಿದ್ದಾರಂತೆ, ಉಳಿದದ್ದು ನೋಡೋಣ ಅಂದರು. ನಮ್ಮ ಗುಂಪನ್ನು ನೋಡಿ ದನಿ ತಗ್ಗಿಸಿ, "ಸಂಕೋಚ ಬೇಡಿ. ನಿಮ್ಮ ಹೆಸರು ಹೊರಗೆ ಹೋಗದ ಹಾಗೆ ನೋಡ್ಕೋತೀವಿ" ಅಂದರು.

"ಯಾಕೆ ತಾಯಿ? ಕದ್ದೋನು ಅವನು, ಹೆಸರು ಮುಚ್ಚಿಡೋದು ನಂದಾ?" ಅಂದೆ. "ಅವನು ನನ್ನ ಹೆಸರಿಟ್ಕೊಂಡೇ ಈ ಐದು ಜನರ ಮನೆಗೆ ಹೋದದ್ದು. ಅದನ್ನೂ ಬರೀರಿ. ದಪ್ಪಕ್ಷರದಲ್ಲಿ ಬರೀರಿ. ಸಿದ್ದಬಸಪ್ಪ, ಕೊಬ್ಬರಿ ಗುಣ ನೋಡೋನು, ಅರಸೀಕೆರೆ."

ಬರೆದುಕೊಂಡರು. ಸಹಿ ಮಾಡಿ ಪಕ್ಕಕ್ಕೆ ಸರಿದೆ. ಮುಂದಿನವರು ಯಾರು ಅಂದರು.

ಮೇಷ್ಟ್ರು ಎದ್ದು ನಿಂತು, ಮಫ್ಲರ್ ಬಿಚ್ಚಿ, ಮಡಿಸಿ ಜೇಬಿಗಿಟ್ಟುಕೊಂಡು, ಹಾಜರಿ ಕೂಗುವ ದನಿಯಲ್ಲಿ ಹೆಸರು ಹೇಳಿದರು. ಪಕ್ಕದ ರೂಮಿನ ಕಾನ್‌ಸ್ಟೆಬಲ್ ಇಣುಕಿ ನೋಡಿದ. ನಾನು ಹೇಳಿದ್ದಕ್ಕಿಂತ ಜೋರಾಗಿಯೇ ಹೇಳಿದರು. ಅದೊಂದು ನನಗೆ ಸರಿಬರಲಿಲ್ಲ.